ಗಾಡಿ ಹಾಕಿದ ಬ್ರೇಕನ್ನು ನಾನೇ ಬಿಡಿಸಿದೆ

ಕಲಬುರಗಿಯಿಂದ ಹೈದರಾಬಾದಿಗೆ ಪೇಶಂಟ್‌ಗಳನ್ನು ಕರೆದೊಯ್ಯುವುದೇ ನನ್ನ ಮುಖ್ಯ ಬಾಡಿಗೆ. ರಾತ್ರಿ ಎರಡೂವರೆ, ಮೂರಕ್ಕೆ ಮನೆ ಬಿಡುತ್ತೇವೆ. ಕಮಲಾಪುರ, ಹುಮನಾಬಾದ್, ಅಲ್ಲಿಂದ 65ನೇ ನಂಬರಿನ ಹೆದ್ದಾರಿ ಹಿಡಿದು ಜಹೀರಾಬಾದ್, ಸಂಗಾರೆಡ್ಡಿ. ಆಸ್ಪತ್ರೆಯ ಕೌಂಟರ್ ತೆರೆಯುವ ಹೊತ್ತಿಗೆ ಇವರು ಸಾಲಿನಲ್ಲಿ ನಿಂತಿರಬೇಕು. ಹದಿನೆಂಟು ವರ್ಷದಿಂದ ಇದೇ ಕೆಲಸ. ಈಗ ಮೂರು ಗಾಡಿ ಇವೆ, ನನ್ನ ಜೊತೆ ಇಬ್ಬರು ಡ್ರೈವರ್‌ಗಳಿದ್ದಾರೆ.

ಮೂರನೇ ಗಾಡಿ ತೆಗೆದುಕೊಳ್ಳುವಾಗ ಅಡಾಸ್, ಅಂದರೆ ಡ್ರೈವರ್‌ಗೆ ನೆರವಾಗುವ ವ್ಯವಸ್ಥೆ, ಇರುವುದನ್ನೇ ಬೇಕು ಅಂತ ತೆಗೆದುಕೊಂಡೆ. ಮುಂದಿನ ವಾಹನ ತೀರಾ ಹತ್ತಿರ ಬಂದರೆ ಮೊದಲು ಕೂಗುತ್ತೆ. ನಾವು ಕೇಳದಿದ್ದರೆ ತಾನೇ ಬ್ರೇಕ್ ಹಾಕುತ್ತೆ. ನಿದ್ದೆಯ ಹೊತ್ತಿನಲ್ಲಿ ಓಡಿಸುವವರಿಗೆ ಇನ್ನೇನು ಬೇಕು ಅಂತ ಸಾಲ ಸ್ವಲ್ಪ ಜಾಸ್ತಿಯಾದರೂ ಮಾಡಿದೆ. ಇವತ್ತಿಗೂ ಅದು ಸರಿಯಾದ ತೀರ್ಮಾನ ಅಂತಲೇ ಹೇಳುತ್ತೇನೆ. ಆದರೆ ಗಾಡಿ ಬ್ರೇಕ್ ಹಾಕುವ ಆ ಗಳಿಗೆಯಲ್ಲಿ ನನ್ನ ಕೈಕಾಲು ಏನು ಮಾಡಬೇಕು ಅಂತ ಮಾರಿದವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದು ಡಿಸೆಂಬರ್, ಕಬ್ಬಿನ ಹಂಗಾಮು. ಬೆಳಗಿನ ಜಾವ ನಾಲ್ಕೂವರೆ ಇರಬೇಕು. ಮನ್ನಾಎಖೇಳಿ ಇನ್ನೂ ಬಂದಿರಲಿಲ್ಲ. ಹಿಂದೆ ಹಾರ್ಟಿನ ಚೆಕಪ್‌ಗೆ ಹೊರಟ ಕಾಕಾ ಮತ್ತು ಅವರ ಮಗಳು, ನನ್ನ ಪಕ್ಕದಲ್ಲಿ ಅಳಿಯ. ಹಳದಿ ಬೋರ್ಡ್ ಗಾಡಿ, ವೇಗ ಮಿತಿ ಮೀರದಂತೆ ತಡೆಯುವ ಗವರ್ನರ್ ಗಂಟೆಗೆ 80 ಕಿಲೋಮೀಟರಿಗೆ ಕಟ್ಟಿದೆ. ಮುಳ್ಳು 80ರ ಹತ್ತಿರವೇ ಇತ್ತು. ಮುಂದೆ ಒಂದು ಲಾರಿ ಹೋಗುತ್ತಿತ್ತು. ಅದಕ್ಕೂ ನನಗೂ ನಡುವೆ ಇರಬೇಕಾದಷ್ಟು ಜಾಗ ಇರಲಿಲ್ಲ, ಅದು ನನ್ನದೇ ತಪ್ಪು. ಲಾರಿ ಒಮ್ಮೆಲೇ ಬಲಕ್ಕೆ ಸರಿಯಿತು. ಎದುರಿಗೆ ಬರೀ ಕಬ್ಬು. ಎರಡು ಟ್ರೇಲರ್ ಕಟ್ಟಿಕೊಂಡ ಟ್ರಾಕ್ಟರ್, ಸೈಕಲ್ ವೇಗದಲ್ಲಿ ಹೋಗುತ್ತಿತ್ತು. ಹಿಂದೆ ಲೈಟಿಲ್ಲ. ರೇಡಿಯಂ ಪಟ್ಟಿ ಇದ್ದದ್ದು ಆಮೇಲೆ ಕಂಡಿತು, ಕಬ್ಬಿನ ಸೋಗೆ ಜೋತುಬಿದ್ದು ಅದನ್ನು ಪೂರಾ ಮುಚ್ಚಿತ್ತು.

ಮುಂದಿನದೆಲ್ಲ ಎರಡು ಸೆಕೆಂಡಿನಲ್ಲಿ ಮುಗಿಯಿತು. ಬೀಪ್ ಬೀಪ್ ಅಂತ ಕೂಗಿತು, ಮೀಟರಿನಲ್ಲಿ ಕೆಂಪಗೆ ಮಿಂಚಿತು, ಗಾಡಿಯ ಮೂತಿ ಕೆಳಗೆ ಕುಸಿಯಿತು. ಬೆಲ್ಟ್ ಎದೆಗೆ ಬಿಗಿಯಿತು. ನಾನು ಕಾಲಿಡುವ ಮೊದಲೇ ಗಾಡಿ ಬ್ರೇಕ್ ಹಿಡಿದಿತ್ತು. ಕಾಲಿಟ್ಟೆ, ಪೆಡಲ್ ಗರಗರ ನಡುಗಿತು, ಕಾಲು ತಾನಾಗಿ ಮೇಲೆದ್ದಿತು. ಅದೇ ಹೊತ್ತಿಗೆ ಎರಡೂ ಕೈ ಸ್ಟೇರಿಂಗನ್ನು ಬಲಕ್ಕೆ ಎಳೆದವು. ಆಗ ಗಾಡಿ ಹಗುರಾದಂತೆ ಅನಿಸಿತು. ಅದು ಬ್ರೇಕ್ ಬಿಟ್ಟಿತ್ತು. ಎಡಗಡೆ ಮೂಲೆ ಟ್ರೇಲರಿನ ಮೂಲೆಗೆ ಬಡಿದು, ಹೆಡ್‌ಲೈಟ್, ಕನ್ನಡಿ, ಎರಡೂ ಬಾಗಿಲಿನ ತಗಡು ಕಿತ್ತುಕೊಂಡು ಹೋಯಿತು. ಹಿಂದಿನವರಿಗೂ ಬೆಲ್ಟ್ ಹಾಕಿಸಿದ್ದೆ. ಆ ತಂಗಿಯ ಮೊಣಕಾಲಿಗೆ ಪೆಟ್ಟಾಗಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಕಾಕಾ ನೀರು ಕೇಳಿದರು. ಬಾಟಲಿ ಕೊಡುವಾಗ ಅವರ ಕೈಯಲ್ಲ, ನನ್ನ ಕೈ ನಡುಗುತ್ತಿತ್ತು.

ಗ್ಯಾರೇಜಿನಲ್ಲಿ ಕಂಪ್ಯೂಟರ್ ಹಚ್ಚಿ ನೋಡಿದ ಹುಡುಗ ಹೇಳಿದ್ದು ಇಷ್ಟೇ: ‘ಅಣ್ಣಾ, ಬ್ರೇಕ್ ಅದು ಹಾಕ್ಯದ ನೋಡ್ರಿ. ನೀವು ಸ್ಟೇರಿಂಗ್ ಜೋರ ಎಳದೀರಿ, ಅದಕ್ಕ ಬಿಟ್ಟದ.’

ಗಾಡಿ ಅಲ್ಲೇ ಇದ್ದ ಎರಡು ವಾರ ಅದರ ಪುಸ್ತಕ ಓದಿದೆ, ಗೊತ್ತಿದ್ದವರನ್ನು ಕೇಳಿದೆ. ಸ್ಟೇರಿಂಗನ್ನು ಜೋರಾಗಿ ತಿರುಗಿಸಿದರೆ, ಇಲ್ಲವೇ ಎಕ್ಸಲರೇಟರ್ ಒತ್ತಿದರೆ, ಡ್ರೈವರ್ ತಾನೇ ತಪ್ಪಿಸಿಕೊಳ್ಳುತ್ತಿದ್ದಾನೆ ಅಂತ ತಿಳಿದು ಬಹಳಷ್ಟು ಗಾಡಿಗಳು ತಮ್ಮ ಬ್ರೇಕ್ ಬಿಟ್ಟುಬಿಡುತ್ತವೆ. ಹಾಗೇ ಮಾಡಿಟ್ಟಿದ್ದಾರೆ, ಯಾಕೆಂದರೆ ಕೊನೆಯ ಮಾತು ಮನುಷ್ಯನದೇ ಆಗಿರಬೇಕು. ಇನ್ನೊಂದು ವಿಷಯವೂ ತಿಳಿಯಿತು. ಮುಂದಿದ್ದ ವಾಹನ ಸರಿದು, ಅದರ ಹಿಂದಿನಿಂದ ಇನ್ನೊಂದು ಒಮ್ಮೆಲೇ ಎದುರಾಗುವುದು ಈ ಯಂತ್ರಕ್ಕೂ ಬಲು ಕಷ್ಟದ ಪರೀಕ್ಷೆ. ರಾಡಾರ್‌ಗೂ ಕ್ಯಾಮೆರಾಗೂ ಅಲ್ಲಿವರೆಗೆ ಕಾಣುತ್ತಿದ್ದದ್ದು ಲಾರಿ ಮಾತ್ರ. ಕಬ್ಬು ತುಂಬಿದ ಟ್ರೇಲರಿನ ಹಿಂಭಾಗ ಕಾರಿನ ಹಿಂಭಾಗದಂತೆ ಇರುವುದೂ ಇಲ್ಲ. ಅಷ್ಟಿದ್ದೂ ಅದು ಗುರುತು ಹಿಡಿದಿತ್ತು.

ಲೆಕ್ಕ ಹಾಕಿ ನೋಡಿದೆ. 80ರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ದಿಗಿಲು ಬಿದ್ದ ಮನುಷ್ಯ ನೋಡಿ, ತಿಳಿದು, ಕಾಲೆತ್ತಿ ಬ್ರೇಕಿನ ಮೇಲಿಡಲು ಒಂದೂವರೆ ಸೆಕೆಂಡ್ ಹಿಡಿಯುತ್ತೆ ಅಂತ ಇಟ್ಟುಕೊಳ್ಳಿ. ಬ್ರೇಕ್ ಮುಟ್ಟುವ ಮೊದಲೇ 33 ಮೀಟರ್ ಹೋಯಿತು. ಒಣ ರೋಡು, ಒಳ್ಳೆ ಟೈರ್, ಪೂರ್ತಿ ಬ್ರೇಕ್ ಅಂದರೂ ನಿಲ್ಲಲು ಮತ್ತೆ 35 ಮೀಟರ್. ಮೊದಲಿನ 33 ಮೀಟರಿನಲ್ಲಿ ಎಷ್ಟೋ ಪಾಲನ್ನು ಯಂತ್ರ ಉಳಿಸಿಕೊಡುತ್ತೆ. ಪೂರ್ತಿ ನಿಲ್ಲಿಸಲು ಆಗದಿದ್ದರೂ 80ರಲ್ಲಿ ಬಡಿಯುವುದನ್ನು 40ಕ್ಕೆ ಇಳಿಸಿದರೆ ಪೆಟ್ಟಿನ ಶಕ್ತಿ ಕಾಲು ಭಾಗಕ್ಕೆ ಬರುತ್ತೆ. ನಾನು ಸ್ಟೇರಿಂಗ್ ಎಳೆಯದೆ, ಕಾಲೆತ್ತದೆ ಸುಮ್ನೆ ತುಳಿದುಕೊಂಡು ಕೂತಿದ್ದರೆ ಬಂಪರ್ ತಾಗುವಷ್ಟರಲ್ಲಿ ಮುಗಿಯುತ್ತಿತ್ತು ಅಂತ ನನ್ನ ನಂಬಿಕೆ.

ಕಾಲು ಮೇಲೆದ್ದದ್ದು ಯಾಕೆ? ಆ ನಡುಕ ಎಬಿಎಸ್‌ನದು. ಚಕ್ರ ಕಟ್ಟಿಕೊಳ್ಳದಂತೆ ಬ್ರೇಕನ್ನು ಸೆಕೆಂಡಿಗೆ ಎಷ್ಟೋ ಸಲ ಹಿಡಿದು ಬಿಡುತ್ತೆ, ಅದು ಪಾದಕ್ಕೆ ತಿಳಿಯುತ್ತೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಲ್ಲೆಲ್ಲ ಎಬಿಎಸ್ ಇರಲೇಬೇಕು. ಆದರೆ ಅದು ನಡುಗುವುದನ್ನು ಒಮ್ಮೆಯೂ ಕಾಲಿನಲ್ಲಿ ಅನುಭವಿಸದ ಡ್ರೈವರ್‌ಗಳು ಎಷ್ಟಿದ್ದಾರೋ. ಹದಿನೆಂಟು ವರ್ಷ ಓಡಿಸಿದ ನಾನೇ ಒಬ್ಬ. ಜರ್ಮನಿಯ ಮರ್ಸಿಡಿಸ್‌ನವರು 1990ರ ದಶಕದಲ್ಲಿ ಡ್ರೈವರ್‌ಗಳನ್ನು ಸಿಮ್ಯುಲೇಟರಿನಲ್ಲಿ ಕೂರಿಸಿ ನೋಡಿದಾಗ, ಜನ ಬ್ರೇಕನ್ನು ಬೇಗ ತುಳಿಯುತ್ತಾರೆ, ಆದರೆ ಸಾಕಷ್ಟು ಜೋರಾಗಿ ತುಳಿಯುವುದಿಲ್ಲ ಅಂತ ಕಂಡುಕೊಂಡರು. ಆ ಕೊರತೆ ತುಂಬಲು 1996ರಲ್ಲಿ ಬ್ರೇಕ್ ಅಸಿಸ್ಟ್ ತಂದರು. ಇದು ಓದಿದ ಮೇಲೆ ನನಗೆ ಅನಿಸಿದ್ದು, ಕಾಲಿಗೆ ಪಾಠ ಹೇಳಬೇಕು ಅಂತ.

ಊರ ಹೊರಗೆ ಪ್ಲಾಟ್ ಹಾಕಿ ಹಾಗೇ ಬಿಟ್ಟ ಒಂದು ಲೇಔಟ್ ಇದೆ. ಒಳಗಿನ ಡಾಂಬರು ರೋಡು ಉದ್ದಕ್ಕಿದೆ, ಓಡಾಡುವವರಿಲ್ಲ. ಮಾಲೀಕರನ್ನು ಕೇಳಿ ಒಪ್ಪಿಸಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ ನಾವು ಮೂವರು ಹೋದೆವು. ಡಿಕ್ಕಿ ಖಾಲಿ ಮಾಡಿದೆವು, ಕಾಲಡಿ ಉರುಳುವ ಬಾಟಲಿ ತೆಗೆದೆವು, ಟೈರಿನ ಗಾಳಿ ನೋಡಿದೆವು. ರೋಡಿಗೆ ಅಡ್ಡ ಸುಣ್ಣದ ಗೆರೆ ಎಳೆದೆ. ಜಮೀನು ಅಳೆಯುವ ಉದ್ದ ಟೇಪ್ ಇಟ್ಟುಕೊಂಡಿದ್ದೆ. ಒಬ್ಬ ಎರಡೂ ಕಡೆ ನಾಯಿ, ಮಂದಿ ಬಾರದಂತೆ ನೋಡಿಕೊಳ್ಳುವುದು, ಒಬ್ಬ ಓಡಿಸುವುದು. ವೇಗ 60. ಗೆರೆ ಮುಟ್ಟಿದ ಕೂಡಲೇ ಬ್ರೇಕ್.

ನಮ್ಮ ಹಿರಿಯ ಡ್ರೈವರ್ ಕೈ ಬಹಳ ಮೆತ್ತಗೆ. ಅವನ ಗಾಡಿಯಲ್ಲಿ ಕೂತ ಪೇಶಂಟ್‌ಗಳು ಅವನನ್ನೇ ಮತ್ತೆ ಕೇಳುತ್ತಾರೆ. ಮೊದಲ ಸಲ ಅವನು ನಿಂತದ್ದು 34 ಮೀಟರಿಗೆ.

‘ಯಾಕೋ ತಮ್ಮಾ, ಕಾಲು ಬಿಟ್ಟಿ?’ ಅಂದೆ.

‘ಗಾಡಿ ನಡಗ್ತದ್ರಿ ಅಣ್ಣಾ. ಏನರೆ ಮುರೀತದ ಅಂತ ತಗದೆ.’

‘ಮುರದ್ರ ನಾ ರೊಕ್ಕ ಕೊಡ್ತೀನಿ. ಪೆಡಲ್ ನೆಲಕ್ಕ ಹತ್ತೂತನಕ ತುಳಿ. ಗಾಡಿ ನಿಂತ ಮ್ಯಾಲೂ ತುಳಕೊಂಡೇ ಇರು.’

ಎರಡನೇ ಸಲ 27. ನಾಲ್ಕನೇ ಸಲ 21. ಅದೇ ಗಾಡಿ, ಅದೇ ರೋಡು, ಅದೇ ಬ್ರೇಕ್. ಟೇಪಿನ ತುದಿ ಹಿಡಿದು ನಿಂತಿದ್ದ ಚಿಕ್ಕವನು 34ರ ಗುರುತಿಗೂ 21ರ ಗುರುತಿಗೂ ನಡುವೆ ನಡೆದು ಹೋದ. ‘ಇಷ್ಟರಾಗ ಮೂರು ಗಾಡಿ ನಿಲ್ತಾವ್ರಿ’ ಅಂದ. ನನ್ನ ಮೊದಲ ಅಳತೆ 31 ಇತ್ತು, ಅದನ್ನೂ ಅವರೇ ಬರೆದಿಟ್ಟಿದ್ದಾರೆ.

ಗೆರೆ ಕಾಣುತ್ತಿದ್ದರೆ ಕಾಲು ಮೊದಲೇ ತಯಾರಾಗಿರುತ್ತೆ. ಅದಕ್ಕೆ ಮಧ್ಯಾಹ್ನದ ಹೊತ್ತಿಗೆ ಆಟ ಬದಲಿಸಿದೆ. ನಾನು ಪಕ್ಕದಲ್ಲಿ ಕೂತು ಯಾವಾಗಲೋ ಒಮ್ಮೆ ಡ್ಯಾಶ್‌ಬೋರ್ಡಿಗೆ ಹೊಡೆಯುವುದು, ಅದೇ ಸಿಗ್ನಲ್. ಹೊಡೆದ ಜಾಗದಿಂದ ಅಳೆದರೆ 38 ಮೀಟರ್ ಬಂತು. ಆಮೇಲೆ ಚಿಕ್ಕವನ ಜೊತೆ ಅವನ ತಂಗಿಯ ಮದುವೆ ಮಾತು ತೆಗೆದೆ. ಮಂಟಪದ ಬಾಡಿಗೆ ಎಷ್ಟು ಅಂತ ಅವನು ಹೇಳುತ್ತಿದ್ದಾಗ ಹೊಡೆದೆ. 46. ಆ ಎಂಟು ಮೀಟರಿನಲ್ಲಿ ಬ್ರೇಕಿನದು ಏನೂ ಇಲ್ಲ, ಎಲ್ಲ ಮಾತಿನದೇ. ಆವತ್ತಿನಿಂದ ಅವನು ಹೆದ್ದಾರಿಯಲ್ಲಿ ಫೋನ್ ಎತ್ತುವುದನ್ನು ಬಿಟ್ಟಿದ್ದಾನೆ.

ಕೈಗೂ ಪಾಠ ಬೇಕಿತ್ತು. ಜೋರಾಗಿ ತುಳಿಯುವಾಗ ಸ್ಟೇರಿಂಗ್ ಬಿಗಿ ಹಿಡಿದು ಚಕ್ರ ನೆಟ್ಟಗಿಡುವುದನ್ನು ಎಷ್ಟೋ ಸಲ ಮಾಡಿಸಿದೆ. ಎಬಿಎಸ್ ಇದ್ದರೆ ಬ್ರೇಕ್ ಹಾಕುತ್ತಲೇ ತಿರುಗಿಸಬಹುದು, ನಿಜ. ಪಕ್ಕದ ಲೇನ್ ಖಾಲಿ ಇದೆ ಅಂತ ಕನ್ನಡಿಯಲ್ಲಿ ಮೊದಲೇ ನೋಡಿದ್ದರೆ ನಿಧಾನಕ್ಕೆ ಸರಿಯಿರಿ. ನೋಡದೆ ಎಳೆದರೆ ಒಂದೋ ಡಿವೈಡರ್, ಒಂದೋ ಹಿಂದಿನಿಂದ ಬರುವ ಬಸ್ಸು. ಎತ್ತರದ ಗಾಡಿಯಾದರೆ ಪಲ್ಟಿ.

ಹುಡುಗರು ರಟ್ಟಿನ ಡಬ್ಬಿ ಅಡ್ಡ ಇಟ್ಟು ಅಡಾಸ್ ನಿಲ್ಲಿಸುತ್ತಾ ನೋಡೋಣ ಅಂದರು. ಬೇಡ ಅಂದೆ. ಪುಸ್ತಕದಲ್ಲೇ ಹಾಗೆ ಮಾಡಬೇಡಿ ಅಂತಿದೆ. ಡಬ್ಬಿ ಕಂಡರೆ ನಿಲ್ಲಬೇಕು ಅಂತ ಅದಕ್ಕೆ ಕಲಿಸಿರುವುದಿಲ್ಲ. ಇಂಥ ಆಟ ಆಡಿ ಅದರ ಮೇಲೆ ಇಲ್ಲದ ನಂಬಿಕೆ, ಇಲ್ಲವೇ ಇಲ್ಲದ ಅನುಮಾನ ಬೆಳೆಸಿಕೊಳ್ಳುವುದು ಬೇಡ.

ಅನುಮಾನ ಅಂದಾಗ ನೆನಪಾಯಿತು. ಊರೊಳಗೆ ಬೈಕುಗಳು ಮುಂದೆ ನುಗ್ಗಿದಾಗೆಲ್ಲ ಅದು ಕೂಗುತ್ತೆ, ಒಮ್ಮೊಮ್ಮೆ ಜಗ್ಗಿ ನಿಲ್ಲಿಸುತ್ತೆ. ಆ ಕಿರಿಕಿರಿಗೆ ಎಷ್ಟೋ ಡ್ರೈವರ್‌ಗಳು ಗಾಡಿ ಚಾಲೂ ಮಾಡಿದ ಕೂಡಲೇ ಅಡಾಸ್ ಬಂದ್ ಮಾಡುತ್ತಾರೆ. ನಮ್ಮ ಹಿರಿಯವನೂ ಮಾಡುತ್ತಿದ್ದ. ಬಂದ್ ಮಾಡಬೇಡಿ. ಎಷ್ಟು ಬೇಗ ಕೂಗಬೇಕು ಅಂತ ಬದಲಿಸುವ ಸೆಟ್ಟಿಂಗ್ ಬಹಳ ಗಾಡಿಗಳಲ್ಲಿದೆ. ಊರೊಳಗೆ ತಡವಾಗಿ ಕೂಗುವಂತೆ ಇಟ್ಟುಕೊಂಡು, ಹೆದ್ದಾರಿಗೆ ಬಂದಾಗ ಬೇಗ ಕೂಗುವಂತೆ ಮಾಡಿ. ನಾವು ಕಮಲಾಪುರದಲ್ಲಿ ಚಹಾಕ್ಕೆ ನಿಂತಾಗ ಬದಲಿಸುತ್ತೇವೆ.

ಅದರ ಕಣ್ಣು ಮುಚ್ಚುವವರು ಬಹಳಷ್ಟು ಸಲ ನಾವೇ. ಆಯುಧ ಪೂಜೆಯ ದಿನ ಮೂರೂ ಗಾಡಿಗೆ ಚೆಂಡು ಹೂವಿನ ದಪ್ಪ ಹಾರ ಹಾಕಿದ್ದೆವು, ಗ್ಲಾಸಿಗೆ ಕುಂಕುಮ ಹಚ್ಚಿದ್ದೆವು. ಹೊಸ ಗಾಡಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೆನ್ಸರ್ ಮುಚ್ಚಿದೆ ಅಂತ ಮೀಟರಿನಲ್ಲಿ ತೋರಿಸಿತು. ರಾಡಾರ್ ಇರುವುದು ಮುಂದಿನ ಗ್ರಿಲ್ಲಿನಲ್ಲಿ, ಇಲ್ಲವೇ ಬಂಪರಿನ ಹಿಂದೆ. ಕ್ಯಾಮೆರಾ ಇರುವುದು ಗ್ಲಾಸಿನ ಮೇಲ್ಭಾಗ, ಒಳಗನ್ನಡಿಯ ಹಿಂದೆ. ಈಗ ಹಾರವನ್ನು ಬಾನೆಟ್ ಮೇಲೆ ಇಟ್ಟು ಪೂಜೆ ಮುಗಿಸಿ, ಹೊರಡುವ ಮೊದಲು ತೆಗೆಯುತ್ತೇವೆ. ಕುಂಕುಮ ಗ್ಲಾಸಿನ ಕೆಳಗಿನ ಮೂಲೆಗೆ. ಯಾದಗಿರಿ, ಶಹಾಪುರ ಕಡೆ ಬಾಡಿಗೆ ಹೋದರೆ ಭತ್ತದ ಗದ್ದೆಯಿಂದ ಬಂದ ಟ್ರಾಕ್ಟರ್‌ಗಳು ರೋಡಿಗೆಲ್ಲ ಎರೆ ಮಣ್ಣು ಚೆಲ್ಲಿರುತ್ತವೆ. ಅದು ಸಿಡಿದು ಗ್ರಿಲ್ಲಿಗೆ ಮೆತ್ತಿ ಒಣಗಿದರೆ ಕಲ್ಲಿನಂತಾಗುತ್ತೆ. ಒದ್ದೆ ಬಟ್ಟೆಯಲ್ಲಿ ನೆನೆಸಿ ಒರೆಸಬೇಕು. ಅದೇ ಮಣ್ಣಿನ ಮೇಲೆ ಮಳೆ ಬಿದ್ದರೆ ಎಬಿಎಸ್, ಅಡಾಸ್ ಎರಡೂ ಸೇರಿದರೂ ಹಿಡಿತ ಸಿಗುವುದಿಲ್ಲ, ವೇಗ ಇಳಿಸುವುದೊಂದೇ ದಾರಿ.

ಪೇಶಂಟ್ ಮಲಗಿಕೊಂಡೇ ಬರುತ್ತಾರೆ, ಮಗಳ ತೊಡೆ ಮೇಲೆ ತಲೆ ಇಡುತ್ತಾರೆ ಅಂದರೆ ನಾನೀಗ ಬಾಡಿಗೆ ಒಪ್ಪುವುದಿಲ್ಲ. ಗಾಡಿ ತಾನೇ ಬ್ರೇಕ್ ಹಾಕಿದರೆ ಅವರನ್ನು ಹಿಡಿಯಲು ಏನೂ ಇರುವುದಿಲ್ಲ. ಅಂಥವರಿಗೆ ಆಂಬ್ಯುಲೆನ್ಸೇ ಬೇಕು ಅಂತ ಹೇಳುತ್ತೇನೆ. ಬೇಜಾರು ಮಾಡಿಕೊಂಡವರಿದ್ದಾರೆ.

ಇನ್ನು ಅಂತರ. ಮುಂದಿನ ವಾಹನ ಒಂದು ಕಂಬ ದಾಟಿದ ಮೇಲೆ ನಾವು ಅದೇ ಕಂಬ ಮುಟ್ಟಲು ಕನಿಷ್ಠ ಮೂರು ಸೆಕೆಂಡ್ ಬೇಕು. ಅಂಕಿ ಎಣಿಸಿದರೆ ಹುಡುಗರು ಓಡಿಸಿಬಿಡುತ್ತಾರೆ. ಹಿರಿಯವನು ‘ಶರಣಬಸವೇಶ್ವರ’ ಅಂತ ನಿಧಾನಕ್ಕೆ ಮೂರು ಸಲ ಅನ್ನುತ್ತಾನೆ. ಚಿಕ್ಕವನು ‘ಖ್ವಾಜಾ ಬಂದೇ ನವಾಜ್’ ಅಂತ ಮೂರು ಸಲ. ಗಡಿಯಾರ ಹಿಡಿದು ನೋಡಿದ್ದೇನೆ, ಇಬ್ಬರದೂ ಮೂರು ಸೆಕೆಂಡಿನ ಮೇಲೆಯೇ ಬರುತ್ತೆ. ರಾತ್ರಿ ಮತ್ತು ಬೀದರ್ ಕಡೆಯ ಚಳಿಗಾಲದ ಮಂಜಿನಲ್ಲಿ ಐದು ಸಲ.

ಗಾಡಿ ತಾನೇ ನಿಂತ ಮೇಲೆ ಮಾಡಬೇಕಾದ್ದೂ ಇದೆ. ಕೆಲವು ಗಾಡಿಗಳು ಒಂದೆರಡು ಸೆಕೆಂಡ್ ಹಿಡಿದು ಬ್ರೇಕ್ ಬಿಟ್ಟುಬಿಡುತ್ತವೆ. ಆಟೊಮ್ಯಾಟಿಕ್ ಗೇರ್ ಆದರೆ ಮುಂದಕ್ಕೆ ಜರುಗುತ್ತೆ. ಹಾಗಾಗಿ ಕಾಲು ಬ್ರೇಕಿನ ಮೇಲೇ ಇರಬೇಕು. ನಾಲ್ಕೂ ಇಂಡಿಕೇಟರ್ ಹಾಕಬೇಕು. ಕಣ್ಣು ಹಿಂದಿನ ಕನ್ನಡಿಗೆ ಹೋಗಬೇಕು, ಯಾಕೆಂದರೆ ಹಿಂದೆ ಬರುತ್ತಿರುವ ಲಾರಿಗೆ ಈ ಬ್ರೇಕ್ ಇರುತ್ತೆ ಅಂತ ನಂಬುವಂತಿಲ್ಲ. ರೋಡಿನಲ್ಲಿ ಕೆಟ್ಟು ನಿಂತ ವಾಹನ ಕಂಡರೆ ಮುಂದೆ ಹೋಗಿ ಬದಿಗೆ ನಿಂತು 1033ಕ್ಕೆ ಫೋನ್ ಮಾಡುತ್ತೇವೆ, ಅದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ.

ಕಳೆದ ತಿಂಗಳು ಅದೇ ಹಾದಿಯಲ್ಲಿ ಹಿರಿಯವನ ಮುಂದೆ ಎಮ್ಮೆಗಳು ಅಡ್ಡ ಬಂದವು. ಗಾಡಿ ಕೂಗಲೇ ಇಲ್ಲವಂತೆ, ದನಕರುಗಳನ್ನು ಅದು ಗುರುತಿಸುತ್ತೆ ಅಂತ ನಂಬುವಂತಿಲ್ಲ. ಇವನೇ ತುಳಿದ, ನಿಂತ. ಹುಮನಾಬಾದಿನಿಂದ ಫೋನ್ ಮಾಡಿದ. ‘ಅಣ್ಣಾ, ನಡಗ್ತು. ಆದ್ರ ಕಾಲು ತಗೀಲಿಲ್ಲ’ ಅಂದ.

ಈ ಸಲದ ಹಂಗಾಮು ಶುರುವಾಗಿದೆ. ನಮ್ಮ ಊರಿನ ಟ್ರಾಕ್ಟರಿನವರಿಗೆ ಕೊಡಲು ರೇಡಿಯಂ ಪಟ್ಟಿಯ ಎರಡು ರೋಲ್ ತಂದಿಟ್ಟಿದ್ದೇನೆ. ಸೋಗೆ ಮುಚ್ಚದ ಹಾಗೆ ಟ್ರೇಲರಿನ ಕೆಳಗಿನ ಪಟ್ಟಿಗೆ, ಎರಡೂ ಮೂಲೆಗೆ ನಾನೇ ನಿಂತು ಹಚ್ಚಿಸಬೇಕು. ಭಾನುವಾರ ಲೇಔಟಿಗೆ ಹೋಗುತ್ತೇವೆ, ಸುಣ್ಣ ಮತ್ತು ಟೇಪ್ ಡಿಕ್ಕಿಯಲ್ಲೇ ಇವೆ.