ಪತ್ರದಲ್ಲಿ ‘ಸೊಂಟ ನೋವು’ ಎಂದಷ್ಟೇ ಇತ್ತು

ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಹನ್ನೊಂದು ವರ್ಷ ಹೊಲಿಗೆ ಯಂತ್ರದ ಮುಂದೆ ಬಾಗಿ ಕುಳಿತವಳು ನಾನು. ಪ್ಯಾಂಟಿನ ಸೊಂಟಪಟ್ಟಿ ಹೊಲಿಯುವುದು ನನ್ನ ಕೆಲಸ. ಊರವರ ಸೊಂಟಕ್ಕೆ ಪಟ್ಟಿ ಹೊಲಿಯುತ್ತ ನನ್ನ ಸೊಂಟವನ್ನೇ ಕಳೆದುಕೊಂಡೆ. ಎಡಗಾಲು ಜೋಮು ಹಿಡಿದು ಮೆಟ್ಟಿಲು ಇಳಿಯಲಾಗದೆ ಕುಳಿತ ಮೇಲೆ ಎಂಆರ್‌ಐ ಮಾಡಿಸಿದೆವು. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಜಾರಿ ನರವನ್ನು ಒತ್ತುತ್ತಿತ್ತು.

ನಮ್ಮಲ್ಲಿ ಎಷ್ಟೋ ಕಡೆ ಪೀಸಿನ ಲೆಕ್ಕ. ಹೊಲಿದರೆ ಹಣ, ಮಲಗಿದರೆ ಇಲ್ಲ. ನನ್ನ ಪುಣ್ಯಕ್ಕೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇತ್ತು. ಸಂಬಳದಲ್ಲಿ ಶೇ. 0.75 ಹಿಡಿಯುತ್ತಿದ್ದರು, ಮಾಲೀಕರ ಪಾಲು ಶೇ. 3.25. ಅದನ್ನು ನಾವೆಲ್ಲ ಗುಳಿಗೆ ಕೊಡಿಸುವ ಕಾರ್ಡ್ ಎಂದೇ ತಿಳಿದಿದ್ದೆವು. ಮಲಗಿದವರಿಗೆ ಕೂಲಿಯೂ ಬರುತ್ತದೆ ಎಂದು ನನಗೆ ಹೇಳಿದವರು ಚಿಕಿತ್ಸಾಲಯದಲ್ಲಿ ಔಷಧ ಕೊಡುವ ಅಣ್ಣ.

ಹೀಗೆ ಕಟ್ಟುವ ಪಾಲಿಗೆ ವಂತಿಗೆ ಎನ್ನುತ್ತಾರೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಜಮೆಯಾಗಿರಬೇಕು. ಆಗ ಸರಾಸರಿ ದಿನಗೂಲಿಯ ಶೇ. 70ರಂತೆ ವರ್ಷಕ್ಕೆ 91 ದಿನಗಳವರೆಗೆ ಕಾಯಿಲೆ ಭತ್ಯೆ ಸಿಗುತ್ತದೆ. ಐನೂರರ ಕೂಲಿಗೆ ಮುನ್ನೂರೈವತ್ತು. ಮನೆ ಬಾಡಿಗೆಗೆ, ಅಕ್ಕಿಗೆ ಸಾಕಾಯಿತು.

91 ದಿನ ಮುಗಿಯಿತು, ನೋವು ಮುಗಿಯಲಿಲ್ಲ. ತೊಡಕು ಎದುರಾದದ್ದು ಇಲ್ಲಿಯೇ. ದೀರ್ಘ ಕಾಯಿಲೆಗಳಿಗೆ ಶೇ. 80ರಂತೆ, ಎರಡು ವರ್ಷದವರೆಗೂ ಮುಂದುವರಿಯಬಹುದಾದ ವಿಸ್ತರಿತ ಭತ್ಯೆ ಇದೆ. ಆದರೆ ಅದಕ್ಕೆ 34 ಕಾಯಿಲೆಗಳ ಪಟ್ಟಿಯಿದೆ. ವೈದ್ಯರು ಕೊಟ್ಟ ನನ್ನ ಪ್ರಮಾಣಪತ್ರಗಳಲ್ಲೆಲ್ಲ ‘ಸೊಂಟ ನೋವು’ ಎಂದಷ್ಟೇ ಇತ್ತು. ಆ ಹೆಸರು ಪಟ್ಟಿಯಲ್ಲಿಲ್ಲ. ಡಿಸ್ಕ್ ಜಾರುವುದು ಇದೆ. ಎಂಆರ್‌ಐ ವರದಿಯನ್ನು ಮೇಜಿನ ಮೇಲೆ ಹರಡಿ, “ಸಾರ್, ಕಾಯಿಲೆಯ ಹೆಸರನ್ನೇ ಬರೆಯಿರಿ” ಎಂದು ಕೇಳಿದೆ. ವೈದ್ಯರು ಬೇಸರಿಸಲಿಲ್ಲ, ಮೂಳೆ ತಜ್ಞರ ಬಳಿಗೆ ಕಳುಹಿಸಿ, ಅವರ ಅಭಿಪ್ರಾಯ ಬಂದ ಮೇಲೆ ಬರೆದುಕೊಟ್ಟರು.

ಮತ್ತೊಂದು ಗಂಟು: ಈ ಭತ್ಯೆಗೆ ಎರಡು ವರ್ಷ ಸತತ ಕೆಲಸ, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ ಕನಿಷ್ಠ 156 ದಿನಗಳ ವಂತಿಗೆ ಬೇಕು. ನಾನು ದುಡಿದ ಎರಡು ತಿಂಗಳನ್ನು ಘಟಕದವರು ಸೊನ್ನೆ ಎಂದು ತೋರಿಸಿದ್ದರು. ಅಕ್ಕಿ ಡಬ್ಬಿಯ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದ ಸಂಬಳದ ಚೀಟಿಗಳು ಅಂದು ಮಾತನಾಡಿದವು. ಮಗ ನಗುತ್ತಿದ್ದ ಚೀಟಿಗಳು ಅವು.

ಇದರ ನಡುವೆ ಮೇಸ್ತ್ರಿ ಬಂದು, “ಅಕ್ಕಾ, ದಿನಕ್ಕೆ ಎರಡು ತಾಸು ಬಂದು ಹೋಗಿರಿ, ಕೈಗೆ ಕೊಡಿಸುತ್ತೇನೆ” ಎಂದ. ಕೂಲಿ ಪಡೆದ ದಿನಕ್ಕೆ ಭತ್ಯೆ ಇಲ್ಲ. ಎರಡನ್ನೂ ತೆಗೆದುಕೊಂಡು ಸಿಕ್ಕಿಬಿದ್ದರೆ ಎರಡೂ ಹೋಗುತ್ತಿದ್ದವು. ಒಲ್ಲೆ ಎಂದೆ. “ಹಾಗಾದರೆ ಬೇರೆಯವರನ್ನು ಕೂರಿಸುತ್ತೇವೆ” ಎಂದ. ಭತ್ಯೆ ಪಡೆಯುವ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ ಎಂದು ಆಗ ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆಯಲ್ಲೇ ಇದೆ ಎಂದಾಗ ಚಹಾ ಕುಡಿದು ಎದ್ದು ಹೋದ.

ಐದು ತಿಂಗಳ ನಂತರ, ಕೆಲಸಕ್ಕೆ ಯೋಗ್ಯಳು ಎಂಬ ಕೊನೆಯ ಪ್ರಮಾಣಪತ್ರ ಹಿಡಿದು ಘಟಕಕ್ಕೆ ಮರಳಿದೆ. ನನ್ನ ಯಂತ್ರದ ಮೇಲೆ ಯಾರದೋ ಊಟದ ಡಬ್ಬಿ ಇತ್ತು. ಅದನ್ನು ಪಕ್ಕಕ್ಕಿಟ್ಟು ಕುಳಿತೆ.