ಬ್ರೆಡ್ ಬಿಡದೆಯೇ ಸಕ್ಕರೆ ಇಳಿಸಿಕೊಂಡ ನನ್ನ ಅನುಭವ

ಕಳೆದ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಮಟ್ಟವನ್ನು ತೋರಿಸುವ ಎಚ್‌ಬಿಎ1ಸಿ ಶೇಕಡಾ 6.2ಕ್ಕೆ ಏರಿದ ವರದಿ ಕೈಗೆ ಬಂದ ದಿನ, ಇನ್ನು ಬ್ರೆಡ್ ಮುಟ್ಟಲೇಬೇಡಿ ಎಂದವರೇ ಎಲ್ಲರೂ. ಹತ್ತು ವರ್ಷಗಳಿಂದ ಮನೆಯಲ್ಲೇ ಬ್ರೆಡ್ ಮಾಡುತ್ತ ಬಂದಿರುವ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ತೊಂದರೆ ಬ್ರೆಡ್ಡಿನದೋ ಅದನ್ನು ಮಾಡುವ ಬಗೆಯದೋ ಎಂಬುದನ್ನು ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಹಿಡಿದೇ ತಿಳಿಯಬೇಕೆಂದು ಹಟ ತೊಟ್ಟೆ. ಹಿಟ್ಟು ಹಿಟ್ಟೇ, ಅದಕ್ಕೇಕೆ ಇಷ್ಟು ಕಸರತ್ತು ಎಂದು ಬ್ರೆಡ್ ಮಾಡುವ ಗೆಳೆಯರೂ ಹೇಳಿದರು.

ಮೊದಲು ಎಡವಿದ್ದು ಕಂದು ಬ್ರೆಡ್ಡಿನಲ್ಲಿ. ಬಿಳಿ ಬ್ರೆಡ್ ತಿಂದ ಒಂದು ಗಂಟೆಗೆ 185ರ ಆಸುಪಾಸು ತೋರಿಸಿದ್ದ ಮೀಟರ್ ಇದಕ್ಕೂ 180 ತೋರಿಸಿತು. ಪೊಟ್ಟಣ ತಿರುಗಿಸಿ ನೋಡಿದರೆ ಪದಾರ್ಥಗಳ ಸಾಲಿನಲ್ಲಿ ಮೊದಲ ಹೆಸರೇ ಮೈದಾ, ಬಣ್ಣ ಕ್ಯಾರಮೆಲ್‌ನದು. ಪೂರ್ಣ ಗೋಧಿ ಹಿಟ್ಟಿಗೆ ಯೀಸ್ಟ್ ಹಾಕಿ ಎರಡೇ ಗಂಟೆಯಲ್ಲಿ ಉಬ್ಬಿಸಿ ನಾನೇ ಮಾಡಿದ ಬ್ರೆಡ್ಡೂ 170ರಿಂದ ಕೆಳಗಿಳಿಯಲಿಲ್ಲ. ನಾರಿನಂಶ ಎಷ್ಟಿದ್ದರೂ ನುಣ್ಣಗೆ ಬೀಸಿದ ಹಿಟ್ಟಿನ ಪಿಷ್ಟ ಬೇಗ ಜೀರ್ಣವಾಗುತ್ತದೆ.

ಆಮೇಲೆ ಯೀಸ್ಟ್ ಪೊಟ್ಟಣದ ಬದಲು ಹಿಟ್ಟು-ನೀರನ್ನು ಹುದುಗಿಸಿ ಮಾಡುವ ಹುಳಿ ಹೆಪ್ಪಿಗೆ (ಸೋರ್‌ಡೋ) ಬಂದೆ. ನಾಲ್ಕು ತಿಂಗಳಲ್ಲಿ ಹದಿನೈದಕ್ಕೂ ಹೆಚ್ಚು ಬ್ರೆಡ್ ಹಾಳಾದವು. ಕತ್ತರಿಸಿದರೆ ಚಾಕುವಿನ ಅಲಗಿಗೆ ಬೂದು ಬಣ್ಣದ ಅಂಟು ಹತ್ತುತ್ತಿತ್ತು, ಮೇಲಿನ ಗಟ್ಟಿ ಪದರದಡಿ ಬೆರಳು ತೂರುವಷ್ಟು ಪೊಳ್ಳು. ಹಿಟ್ಟು ಹೋದದ್ದಕ್ಕಿಂತ ಗ್ಲುಕೋಮೀಟರಿಗೆ ಹಾಕುವ ಸ್ಟ್ರಿಪ್‌ಗಳ ಖರ್ಚೇ ನನ್ನನ್ನು ಹಣ್ಣು ಮಾಡಿತು. ಒಂದೊಂದು ಬ್ರೆಡ್ಡಿಗೆ ಐದಾರು ಬೇಕು, ಲೆಕ್ಕ ಹಾಕಿದರೆ ಹಿಟ್ಟಿನ ಮೂರು ಪಟ್ಟು. ಜೊತೆಗೆ, ನೀರು ಹೆಚ್ಚು ಹೀರಿದ ಬ್ರೆಡ್ಡಿನಲ್ಲಿ ಅಷ್ಟೇ ತೂಕಕ್ಕೆ ಹಿಟ್ಟು ಕಡಿಮೆ ಎಂಬುದನ್ನು ಮರೆತಿದ್ದರಿಂದ ಮೊದಲ ಎರಡು ತಿಂಗಳ ಅಂಕಿಗಳನ್ನೆಲ್ಲ ಎಸೆಯಬೇಕಾಯಿತು. ಅಂದಿನಿಂದ ಹಿಟ್ಟಿನ ಲೆಕ್ಕದಲ್ಲೇ 60 ಗ್ರಾಂ ಹಿಡಿದು ತಿಂದಿದ್ದೇನೆ.

ಕೊನೆಗೆ ಕೈಗೂಡಿದ್ದು ಅರ್ಧ ಹಿಟ್ಟು, ಅರ್ಧ ಒಡೆದ ಕಾಳು, ಫ್ರಿಜ್ಜಿನಲ್ಲಿ ಹದಿನೆಂಟು ಗಂಟೆ ಎಂಬ ಹದ. ಕಾಳನ್ನು ಯಾವುದರಲ್ಲಿ ನೆನೆಸುತ್ತೇನೆ, ಯಾವ ಘಟ್ಟದಲ್ಲಿ ಸೇರಿಸುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಂದು ಗಂಟೆಯ ಅಂಕಿ 140ಕ್ಕೆ ಇಳಿಯಿತು, ಹೊಟ್ಟೆ ಉಬ್ಬರವೂ ನಿಂತಿತು. ದೀರ್ಘ ಹುದುಗಿನಲ್ಲಿ, ಗೋಧಿಯಲ್ಲಿದ್ದು ಕೆಲವರಿಗೆ ಹೊಟ್ಟೆ ಉಬ್ಬರ ತರುವ ಫ್ರಕ್ಟಾನ್‌ ಎಂಬ ಕಾರ್ಬೋಹೈಡ್ರೇಟ್‌ಗಳು ಒಡೆಯುವುದು ಅದಕ್ಕೆ ಕಾರಣವಿರಬೇಕು. ಬೇರೆ ಆಹಾರವನ್ನೂ ನಡಿಗೆಯನ್ನೂ ಬದಲಿಸದೆ ಎಂಟು ತಿಂಗಳಲ್ಲಿ ಎಚ್‌ಬಿಎ1ಸಿ 5.7ಕ್ಕೆ ಬಂದಿದೆ. ಇಂಥ ಬ್ರೆಡ್ಡನ್ನು ಇಷ್ಟು ಮೃದುವಾಗಿ ಮಾಡಿದವರನ್ನು ನಾನಂತೂ ಕಂಡಿಲ್ಲ.

ನಡುವೆ ಬಿಳಿ ಬ್ರೆಡ್ಡನ್ನೇ ಫ್ರೀಜ್ ಮಾಡಿ, ಟೋಸ್ಟ್ ಮಾಡಿ ತಿಂದೂ ನೋಡಿದೆ. ತಣಿದಾಗ ಪಿಷ್ಟದ ಒಂದು ಪಾಲು ಸುಲಭಕ್ಕೆ ಜೀರ್ಣವಾಗದ ರೂಪಕ್ಕೆ ತಿರುಗುವುದರಿಂದ 185 ಇದ್ದದ್ದು 165ಕ್ಕೆ ಬಂತು, ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ. ಉಪ್ಪನ್ನು ಹಿಟ್ಟಿನ ಶೇಕಡಾ 2ರಿಂದ 1.2ಕ್ಕೆ ಇಳಿಸಿದಾಗ ನಾದಿದ ಹಿಟ್ಟು ಜಿಗುಟಾಗಿ ಅತಿಬೇಗ ಉಬ್ಬಿತು, 1.5ರಲ್ಲಿ ನಿಂತಿದ್ದೇನೆ. ದಿನಕ್ಕೆ 5 ಗ್ರಾಂ ಉಪ್ಪಿನೊಳಗಿರಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಲ್ಲಿ ಬ್ರೆಡ್ಡಿನ ಪಾಲು ಸಣ್ಣದಲ್ಲ.

ಹುಳಿ ಬ್ರೆಡ್ ಎಂದರೆ ಗೋಧಿಯ ಗ್ಲೂಟನ್ ಎಂಬ ಪ್ರೋಟೀನ್ ಇಲ್ಲವೆಂದು ತಿಳಿದು, ಆ ಗ್ಲೂಟನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯ ಮಗುವಿಗಾಗಿ ಒಬ್ಬರು ಇದನ್ನು ಕೇಳಿಕೊಂಡು ಬಂದಿದ್ದರು. ಗೋಧಿಯ ಗ್ಲೂಟನ್ ಹದಿನೆಂಟು ಗಂಟೆಯ ಹುದುಗಿಗೂ ಹೋಗುವುದಿಲ್ಲವೆಂದು ವಿವರಿಸಿ, ಒಂದು ಚೂರನ್ನೂ ಕೊಡದೆ ಕಳುಹಿಸಿದೆ.