ಸ್ಟ್ಯಾಂಡ್‌ಬೈ ಫೋನ್ ಸರ್ವರ್ ಇದೆಯಾ? ಒಮ್ಮೆ ಕೇಬಲ್ ಕಿತ್ತು ನೋಡಿ

ಆಫೀಸಿನ ಫೋನ್ ಸರ್ವರ್‌ಗೆ ಸ್ಟ್ಯಾಂಡ್‌ಬೈ, ಅಂದರೆ ಮೇನ್ ಕೆಟ್ಟರೆ ಕೆಲಸ ವಹಿಸಿಕೊಳ್ಳುವ ಎರಡನೇ ಸರ್ವರ್, ಇಟ್ಟುಕೊಂಡವರಿಗೆ ಒಂದು ಮಾತು. ಸುಮ್ನೆ ಇಟ್ಟರೆ ಸಾಲದು. ರಜೆಯ ದಿನ ಮೇನ್ ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕಿತ್ತು ನೋಡಿ.

ನಾನು ಹಾಗೆ ಮಾಡಿದಾಗ ವರ್ಚುವಲ್ ಐಪಿ (ಎರಡೂ ಸರ್ವರ್‌ಗೆ ಸೇರಿದ ಒಂದೇ ನೆಟ್‌ವರ್ಕ್ ವಿಳಾಸ) ಕೆಲವೇ ಸೆಕೆಂಡಿನಲ್ಲಿ ಎರಡನೇ ಸರ್ವರ್‌ಗೆ ಹೋಯಿತು. ಹೊರಗೆ ಕಾಲ್ ಹೋಗುತ್ತಿತ್ತು, ಒಳಗೆ ಮಾತ್ರ ಒಂದೂ ಬರಲಿಲ್ಲ! ಯಾವ ಫೋನ್ ಯಾವ ವಿಳಾಸದಲ್ಲಿದೆ ಎಂಬ ರಿಜಿಸ್ಟ್ರೇಷನ್ ಮಾಹಿತಿ ಹಳೇ ಸರ್ವರ್‌ನಲ್ಲೇ ಉಳಿದಿತ್ತು. ಫೋನ್‌ಗಳು ಮತ್ತೆ ರಿಜಿಸ್ಟರ್ ಆಗುವ ಅವಧಿ 3600 ಸೆಕೆಂಡ್, ಅಂದರೆ ಒಂದು ಗಂಟೆ. ಅದನ್ನು 120ಕ್ಕೆ ಇಳಿಸಿದೆ. ಫೋನ್‌ಗಳು ಸಾವಿರಗಟ್ಟಲೆ ಇದ್ದರೆ ಲೋಡ್ ಜಾಸ್ತಿಯಾಗುತ್ತದೆ. ಆಗ ಆ ಮಾಹಿತಿಯನ್ನು ಎರಡೂ ಸರ್ವರ್ ಓದುವ ಒಂದೇ ಡೇಟಾಬೇಸ್‌ನಲ್ಲಿಡುವುದು ಒಳ್ಳೆಯದು. ನಡೆಯುತ್ತಿರುವ ಕಾಲ್‌ಗಳು ಸಾಮಾನ್ಯವಾಗಿ ಕಟ್ ಆಗುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಸೆಕ್ಯೂರಿಟಿ ವಿಷಯದಲ್ಲಿ ನಾವು ಎಡವುವುದೂ ಸ್ಟ್ಯಾಂಡ್‌ಬೈನಲ್ಲೇ. ಮೇನ್‌ನಲ್ಲಿ ಫೈರ್‌ವಾಲ್, ಫೇಲ್‌ಟುಬ್ಯಾನ್ (ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕುವವರನ್ನು ತಡೆಯುವ ಸಾಫ್ಟ್‌ವೇರ್) ಎಲ್ಲ ಇರುತ್ತದೆ. ಎರಡನೆಯದರಲ್ಲಿ ಫೋನ್‌ಗಳು ಸರ್ವರ್ ಜೊತೆ ಮಾತಾಡುವ 5060 ಪೋರ್ಟ್ ಊರಿಗೆಲ್ಲ ತೆರೆದಿರುತ್ತದೆ, ಎಕ್ಸ್‌ಟೆನ್ಷನ್ (ಆಫೀಸಿನ ಒಳಗಿನ ನಂಬರ್) 101ಕ್ಕೆ ಪಾಸ್‌ವರ್ಡೂ 101! ರಾತ್ರೋರಾತ್ರಿ ಯಾರೋ ವಿದೇಶಕ್ಕೆ ಕಾಲ್ ಮಾಡಿ ಬಿಲ್ ಏರಿಸುವುದು ಹೀಗೇ ಅಲ್ವಾ. ಬೇಡದವರಿಗೆ ಐಎಸ್‌ಡಿ ಎರಡೂ ಕಡೆ ಮುಚ್ಚಿಬಿಡಿ. ಟಿಎಲ್‌ಎಸ್ ಸರ್ಟಿಫಿಕೇಟ್ (ಸರ್ವರ್ ಅಸಲಿ ಎಂದು ಫೋನ್‌ಗಳಿಗೆ ತೋರಿಸುವ ಗುರುತಿನ ಫೈಲ್) ಬದಲಿಸಿದ ದಿನವೇ ಸ್ಟ್ಯಾಂಡ್‌ಬೈಗೂ ಕಾಪಿ ಮಾಡಿ. ಇಲ್ಲದಿದ್ದರೆ ಬೇಕಾದ ಹೊತ್ತಿಗೇ ಫೋನ್‌ಗಳು ಸ್ಟ್ಯಾಂಡ್‌ಬೈ ಸರ್ವರನ್ನು ಒಪ್ಪುವುದಿಲ್ಲ.